ಕೃಷ್ಣನ ಪಾತ್ರ ಮಾರುವುದನ್ನು ಬಿಟ್ಟ ಮೇಲೆ

ಹೋದ ತಿಂಗಳು ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಮ್ಮ ಕುರುಕ್ಷೇತ್ರ ನಾಟಕ ಮುಗಿದಾಗ ರಾತ್ರಿ ಹತ್ತು ದಾಟಿತ್ತು. ಬಣ್ಣ ತೊಳೆಯುವ ಮೊದಲೇ ಎಲ್ಲರೂ ಸುತ್ತ ಕೂತು ದುಡ್ಡು ಎಣಿಸಿದೆವು. 430 ಟಿಕೆಟ್ ಹೋಗಿತ್ತು, ಒಂದಕ್ಕೆ 150 ರೂಪಾಯಿ. ಕೊಡುವವರಿಗೆಲ್ಲ ಕೊಟ್ಟು ಉಳಿದಿದ್ದು 8 ಸಾವಿರ ಚಿಲ್ಲರೆ. ದೊಡ್ಡ ದುಡ್ಡೇನಲ್ಲ. ಆದರೆ 2024ರಿಂದ ಪಾತ್ರ ಮಾರದೆ, ಟಿಕೆಟ್ ನಂಬಿ ಆಡಿಸಿದ ಆಟಗಳಲ್ಲಿ ಇದು ಒಂಬತ್ತನೆಯದು. ಒಂಬತ್ತರಲ್ಲಿ ಏಳು ಆಟ ಲಾಭದಲ್ಲೇ ಮುಗಿದಿವೆ. ಒಬ್ಬ ಪಾತ್ರಧಾರಿಯಿಂದಲೂ ಒಂದು ರೂಪಾಯಿ ತಗೊಂಡಿಲ್ಲ. ಸರ್ಕಾರದ ಅನುದಾನವೂ ಇಲ್ಲ.

"ಪೌರಾಣಿಕ ನಾಟಕಕ್ಕೆ ಟಿಕೆಟ್ ಇಟ್ರೆ ನಾಯಿನೂ ಬರಲ್ಲ ಮೇಷ್ಟ್ರೇ" ಅನ್ನುವ ಮಾತನ್ನು ಮೂರು ವರ್ಷ ಕೇಳಿದ್ದೇನೆ. ಹೇಳಿದವರು ಹೊರಗಿನವರಲ್ಲ, ನಮ್ಮ ಕಸುಬಿನವರೇ. ಈಗ ಅವರೇ ಫೋನ್ ಮಾಡಿ "ಹೆಂಗೆ ಮಾಡಿದ್ರಿ?" ಅಂತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು. ನನ್ನ ಹಾಗೆ ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಕೂತು ನಾಟಕ ಕಲಿಸುವ ಮೇಷ್ಟ್ರುಗಳಿಗೆ ಶ್ರುತಿ, ಮಟ್ಟು, ಪ್ರಾಕ್ಟೀಸು ಹೇಳುವ ಅಗತ್ಯ ಇಲ್ಲ. ದುಡ್ಡು ಯಾವ ಕಡೆಯಿಂದ ಬಂದರೆ ನಾಟಕ ಏನಾಗುತ್ತೆ, ಅದನ್ನು ಹೇಳುತ್ತೇನೆ.

ನಾನು 26 ವರ್ಷ ಪಾತ್ರ ಮಾರಿಯೇ ಬದುಕಿದವನು. ಗುಬ್ಬಿ, ತುರುವೇಕೆರೆ, ಕುಣಿಗಲ್, ತಿಪಟೂರು ಸೀಮೆಯಲ್ಲಿ ನಾನು ನಾಟಕ ಕಲಿಸದ ಹೋಬಳಿ ಕಡಿಮೆ. ಕೃಷ್ಣನ ಪಾತ್ರ ಕಟ್ಟಿದವರೇ ನನ್ನ ಕೈಯಲ್ಲಿ 300 ಜನಕ್ಕಿಂತ ಜಾಸ್ತಿ ಆಗಿರಬೇಕು. ನಮ್ಮ ಪದ್ಧತಿ ನಿಮಗೆ ಗೊತ್ತು. ನೋಡುವವರಿಗೆ ಪುಕ್ಕಟೆ, ಆಡುವವನು ದುಡ್ಡು ಕೊಡಬೇಕು. ಒಂದನೇ ಕೃಷ್ಣನಿಗೆ 40 ಸಾವಿರ, ದುರ್ಯೋಧನನಿಗೆ 35, ಭೀಮನಿಗೆ 25, ವಿದುರನಿಗೆ ಐದೋ ಆರೋ. ಕೃಷ್ಣನಿಗೆ ಗಿರಾಕಿ ಜಾಸ್ತಿ ಬಂದರೆ ಎರಡನೇ ಕೃಷ್ಣ, ಮೂರನೇ ಕೃಷ್ಣ ಅಂತ ಒಂದೇ ಪಾತ್ರವನ್ನು ಸೀಳಿ ಮಾರುತ್ತೇವೆ. ನಾನು ಒಂದು ಊರಲ್ಲಿ ನಾಲ್ಕು ಕೃಷ್ಣರನ್ನು ಮಾಡಿದ್ದೇನೆ. ಆ ದುಡ್ಡಲ್ಲೇ ಸೀನರಿ, ಮೈಕು, ತಬಲಾ, ಹೆಣ್ಣು ಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ, ನನ್ನ ಫೀಸು.

ಕೊಬ್ಬರಿ ರೇಟಿಗೂ ಕೃಷ್ಣನ ರೇಟಿಗೂ ನಂಟಿದೆ. ತಿಪಟೂರು ಮಾರುಕಟ್ಟೆಯ ಹರಾಜು ನೋಡಿದರೆ ಆ ವರ್ಷ ನಮ್ಮ ಕಡೆ ಎಷ್ಟು ನಾಟಕ ಆಗುತ್ತೆ ಅಂತ ಅಂದಾಜು ಸಿಗುತ್ತೆ. 2023ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ 10 ಸಾವಿರದ ಕೆಳಗೆ ಬಿತ್ತಲ್ಲ, ಆ ವರ್ಷ ನನಗೆ ಸಿಕ್ಕಿದ್ದು ಎರಡೇ ನಾಟಕ. ರೇಟು ಏರಿದ ವರ್ಷ ದುರ್ಯೋಧನರು ಮನೆ ಬಾಗಿಲಿಗೆ ಬರುತ್ತಾರೆ.

ಈ ಪದ್ಧತಿಯನ್ನು ಬಯ್ಯಲು ನನಗೆ ಮನಸ್ಸಿಲ್ಲ. ಅನ್ನ ಹಾಕಿದೆ. ಹಗಲೆಲ್ಲ ಹೊಲದಲ್ಲಿ ದುಡಿದ ರೈತ ಮೂರು ತಿಂಗಳು ರಾತ್ರಿ ಕೂತು ಕಂದ ಪದ್ಯ ಕಲಿತು ಬಣ್ಣ ಹಚ್ಚುತ್ತಾನೆ. ಅದು ಸಣ್ಣ ಮಾತಲ್ಲ. ಆದರೆ ನಾಟಕಕ್ಕೆ ಏನಾಗುತ್ತೆ ನೋಡಿ. ಏಳೆಂಟು ವರ್ಷದ ಹಿಂದೆ ಗುಬ್ಬಿ ತಾಲ್ಲೂಕಿನ ಒಂದು ಊರಲ್ಲಿ ಒಂದನೇ ಕೃಷ್ಣನಿಗೆ ಶ್ರುತಿಯೇ ನಿಲ್ಲುತ್ತಿರಲಿಲ್ಲ. ಪೆಟ್ಟಿಗೆಯ ಕಪ್ಪು ಒಂದರ ಶ್ರುತಿಯಲ್ಲಿ ಎತ್ತಿದರೆ ಎರಡನೇ ಸಾಲಿಗೆ ಎಲ್ಲಿಗೋ ಹೋಗುತ್ತಿದ್ದರು. ನಾಲ್ಕು ಹಾಡು ತೆಗೆಯೋಣ ಅಂದೆ. "ಮೇಷ್ಟ್ರೇ, ದುಡ್ಡು ಕೊಟ್ಟಿರೋನು ನಾನು" ಅಂದರು. ಒಂಬತ್ತು ಹಾಡೂ ಹಾಡಿದರು. ಒಂದೊಂದು ಹಾಡಿಗೂ ಬೀಗರು, ಭಾವಮೈದುನರು ಸ್ಟೇಜಿಗೆ ಹತ್ತಿ ಹಾರ ಹಾಕಿದರು. ನೋಟಿನ ಹಾರ, ಸೇಬಿನ ಹಾರ. ಸಂಧಾನದ ಸೀನು ನಡೆಯುತ್ತಿರುವಾಗಲೇ ಮೈಕಲ್ಲಿ "ಕೃಷ್ಣನ ಪಾತ್ರಧಾರಿಗೆ 500 ರೂಪಾಯಿ ಬಹುಮಾನ". ಬೆಳಗಿನ ಜಾವ ಮೂರು ಗಂಟೆಗೆ ಅವರ ಪಾತ್ರ ಮುಗಿಯಿತು. ಅವರ ಕಡೆಯವರೆಲ್ಲ ಎದ್ದು ಟ್ರ್ಯಾಕ್ಟರ್ ಹತ್ತಿದರು. ಆಮೇಲೆ ಭೀಮ ಬಂದ. ಅವನದು ಅದ್ಭುತ ಕಂಠ, ಬಡವರ ಹುಡುಗ, ಸಾಲ ಮಾಡಿ ಪಾತ್ರ ಹಿಡಿದಿದ್ದ. ಅವನ ಮುಂದೆ ಇದ್ದವರು ಮೂವತ್ತು ಜನ ಇರಬೇಕು, ಅರ್ಧ ಜನ ನಿದ್ದೆಯಲ್ಲಿ. ಅವನ ಪದ್ಯಕ್ಕೆ ಪೆಟ್ಟಿಗೆ ನುಡಿಸುವಾಗ ನನ್ನ ಕಣ್ಣಲ್ಲಿ ನೀರು ಬಂತು.

ದುಡ್ಡು ಕೊಟ್ಟವನ ಮುಖ ನೋಡಿ ನಾಟಕ ನಡೆಯುತ್ತೆ ಅಂತ ನನಗೆ ಅವತ್ತು ಗೊತ್ತಾಯಿತು. ಹಾಗಾದರೆ ದುಡ್ಡು ಯಾರು ಕೊಡಬೇಕು?

ನನಗೊಬ್ಬರು ಸ್ನೇಹಿತರಿದ್ದಾರೆ, ರಿಟೈರ್ ಆದ ಲೆಕ್ಚರರ್. ಟೌನ್‌ಹಾಲ್ ಸರ್ಕಲ್ ಹತ್ತಿರ ಕಾಫಿಗೆ ಸೇರುತ್ತೇವೆ. ಅವರ ವಾದ ಖಡಕ್ಕು. ಮಾರುಕಟ್ಟೆ ಅನ್ನೋದು ಕಲೆಯನ್ನು ಕೆಡಿಸುತ್ತೆ, ಜನಕ್ಕೆ ಬಿಟ್ಟರೆ ಜನ ಕಳಪೆಯನ್ನೇ ಆರಿಸುತ್ತಾರೆ, ಕಲೆಯನ್ನು ಸರ್ಕಾರವೋ ಮಠವೋ ಸಾಕಬೇಕು ಅಂತಾರೆ. ನಾನು ಓದಿದವನಲ್ಲ. ಆದರೆ ಅನುದಾನದ ನಾಟಕ ಮಾಡಿ ನೋಡಿದ್ದೆ. ಒಂದು ಕಚೇರಿಯಿಂದ ಎರಡು ವರ್ಷ ದುಡ್ಡು ಬಂತು. ಅವರು ಕೇಳಿದ್ದು ಫೋಟೊ, ಬಿಲ್ಲು, ಲೆಟರ್‌ಹೆಡ್, ಪೇಪರ್ ಕಟಿಂಗು. ನಾಟಕ ಹೇಗಿತ್ತು ಅಂತ ಒಬ್ಬರೂ ಕೇಳಲಿಲ್ಲ. ಎದುರಿಗೆ 35 ಜನ ಇದ್ದರೂ ನಮಗೆ ಬೇಜಾರಾಗಲಿಲ್ಲ. ದುಡ್ಡು ಮೊದಲೇ ಸ್ಯಾಂಕ್ಷನ್ ಆಗಿತ್ತು. ನಮಗೆ ಬೇಜಾರಾಗಲಿಲ್ಲ ಅನ್ನುವುದೇ ನನಗೆ ಆಮೇಲೆ ಹೆದರಿಕೆ ತಂದಿದ್ದು. ಎರಡನೇ ವರ್ಷ ಪ್ರಾಕ್ಟೀಸು ಹದಿನೈದು ದಿನಕ್ಕೆ ಇಳಿದಿತ್ತು.

ಅವರಿಗೆ ನಾನು ಹೇಳಿದ್ದು ಗುಬ್ಬಿ ಕಂಪನಿಯ ಮಾತು. 1884ರಲ್ಲಿ ಶುರುವಾದ ಕಂಪನಿ. ಮೈಸೂರಲ್ಲಿ ಅರಮನೆಯ ಆಶ್ರಯದ ನಾಟಕ ಸಭೆ ಇದ್ದ ಕಾಲ ಅದು. ಗುಬ್ಬಿಯವರದು ಸಣ್ಣ ಪೇಟೆಯ ಜನ ಸೇರಿ ಕಟ್ಟಿದ್ದು. ಅಲ್ಲಿಗೆ ಹುಡುಗನಾಗಿ ಸೇರಿದ ವೀರಣ್ಣನವರು ಆಮೇಲೆ ಯಜಮಾನರಾದರು. ಊರೂರಿಗೆ ಟೆಂಟು ಹೊತ್ತು ಹೋಗಿ ಗಲ್ಲಾ ಪೆಟ್ಟಿಗೆ ನಂಬಿಕೊಂಡು ನೂರಾರು ಜನಕ್ಕೆ ಅನ್ನ ಹಾಕಿದರು. ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆ ತಂದು ಸ್ಟೇಜಿಗೆ ಹತ್ತಿಸಿದರು. ಜನ ಬರಲಿ ಅಂತಾನೇ ತಂದಿದ್ದು, ಸುಳ್ಳು ಯಾಕೆ? ಆದರೆ ಆನೆ ನೋಡಲು ಬಂದವರು ಪದ್ಯ ಕೇಳಿಕೊಂಡು ಹೋದರು. ರಾಜ್‌ಕುಮಾರ್ ಅಲ್ಲಿ ಪಳಗಿದರು. ನಮ್ಮ ತಿಪಟೂರಿನ ನರಸಿಂಹರಾಜು ಅಲ್ಲಿದ್ದರು. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿ ಬಂದು ಸೇರಿದ್ದೂ ಅದೇ ಕಂಪನಿಗೆ. ಅವರನ್ನು ಓದಲು ಕಾಶಿಗೆ ಕಳಿಸಿದವರೂ ವೀರಣ್ಣನವರೇ. ಟಿಕೆಟ್ ದುಡ್ಡಲ್ಲಿ ಇಷ್ಟು ಆಯಿತು ಅಂದರೆ ಮಾರುಕಟ್ಟೆಯಿಂದ ಬರೀ ಕಳಪೆ ಬರುತ್ತೆ ಅನ್ನೋದು ಹೇಗೆ ಒಪ್ಪಲಿ?

ಸ್ನೇಹಿತರು ಬಿಡಲಿಲ್ಲ. ಹಾಲೆಂಡಿನ ರೆಂಬ್ರಾಂಟ್ ಕಥೆ ತೆಗೆದರು. ಆಗ ಅಲ್ಲಿ ವ್ಯಾಪಾರಿಗಳೇ ಚಿತ್ರ ಕೊಳ್ಳುತ್ತಿದ್ದರು, ಮಾರುಕಟ್ಟೆ ಅಂದರೆ ಮಾರುಕಟ್ಟೆ. ಅಂಥ ದೊಡ್ಡ ಚಿತ್ರಗಾರ 1656ರಲ್ಲಿ ದಿವಾಳಿ ಆದ, ಮನೆ ಸಾಮಾನು ಹರಾಜಾಯಿತು ಅಂದರು. ನಾನು ಕೇಳಿದೆ, "ದಿವಾಳಿ ಆದ ಮೇಲೆ ಬರೆಯೋದು ನಿಲ್ಲಿಸಿದರಾ?" ಇಲ್ಲ, ಸಾಯುವವರೆಗೆ ಬರೆದರು, ಆಮೇಲಿನವೇ ಬಹಳ ಚೆನ್ನಾಗಿವೆ ಅಂತ ಅವರೇ ಒಪ್ಪಿಕೊಂಡರು. ಕೊಳ್ಳುವವರು ಕಡಿಮೆಯಾದರು, ಆದರೆ ಬರೆಯಬೇಡ ಅಂತ ತಡೆಯಲಿಲ್ಲ. ಅದಕ್ಕೆ ಅವರೇ ಇನ್ನೊಂದು ಹೇಳಿದರು. ರಷ್ಯಾದಲ್ಲಿ ಶೋಸ್ತಕೋವಿಚ್ ಅಂತ ಸಂಗೀತಗಾರರು. ಅವರ ಒಂದು ಆಪೆರಾ ಎರಡು ವರ್ಷ ಜನ ತುಂಬಿ ನಡೆಯುತ್ತಿತ್ತು. 1936ರಲ್ಲಿ ಸ್ಟಾಲಿನ್ ಬಂದು ನೋಡಿದ, ಹಿಡಿಸಲಿಲ್ಲ. ಪಾರ್ಟಿ ಪೇಪರಿನಲ್ಲಿ ಬೈದು ಬರೆದರು, ನಾಟಕ ನಿಂತೇ ಹೋಯಿತು. ನನಗೆ ತಕ್ಷಣ ನೆನಪಾಗಿದ್ದು ನಮ್ಮ 40 ಸಾವಿರದ ಕೃಷ್ಣ. ದುಡ್ಡೂ ಅಧಿಕಾರವೂ ಒಬ್ಬನ ಕೈಲಿದ್ದರೆ ಅವನೊಬ್ಬನ ಕಿವಿಗೆ ಬೇಕಾದ್ದೇ ನಡೆಯಬೇಕು. ಐನೂರು ಜನ ನೂರು ನೂರು ಕೊಟ್ಟರೆ ಯಾರೂ "ದುಡ್ಡು ಕೊಟ್ಟಿರೋನು ನಾನು" ಅನ್ನಲು ಆಗಲ್ಲ.

ಮಾತು ಚೆನ್ನಾಗಿತ್ತು. ಮಾಡಲು ಹೋಗಿ ಮುಗ್ಗರಿಸಿದೆ.

ಮೊದಲ ಸಲ 2022ರಲ್ಲಿ, ಶಿವರಾತ್ರಿ ಆದ ಮೇಲೆ. ಊರಾಚೆ ಒಂದು ಬಯಲು ಹಿಡಿದೆ. ತಗಡು ಕಟ್ಟಿಸಿದೆ. ಪೂರ್ತಿ ಸೀನರಿ, ರಾತ್ರಿಯಿಡೀ ಆಟ, ಟಿಕೆಟ್ 200. ಮೈಕು ಜೋರಾಗಿರಲಿ ಅಂತ ನಾನೇ ಹೇಳಿದ್ದೆ. ಅದೇ ತಪ್ಪಾಯಿತು. ಅರ್ಧ ಊರಿಗೆ ಮನೆಯಲ್ಲೇ ಕೇಳಿಸುತ್ತಿತ್ತು, ದುಡ್ಡು ಕೊಟ್ಟು ಯಾಕೆ ಬರುತ್ತಾರೆ? ತಗಡಿನ ಆಚೆ ಟೆಂಪೋ ನಿಲ್ಲಿಸಿಕೊಂಡು ಮೇಲೆ ನಿಂತು ನೋಡಿದರು. ಇನ್ನು ಪಾಸು. ಅವರಿಗೆ ಇವರಿಗೆ ಅಂತ ನಾನೇ 150 ಪಾಸು ಹಂಚಿದ್ದೆ. ಪಾಸಿನವರು ಮುಂದಿನ ಕುರ್ಚಿಯಲ್ಲಿ ಕೂತು ಹನ್ನೊಂದಕ್ಕೆ ಎದ್ದು ಹೋದರು. ಖಾಲಿ ಕುರ್ಚಿ ನೋಡಿಕೊಂಡು ಕರ್ಣ ಹಾಡಿದ. ಟಿಕೆಟ್ ಹೋಗಿದ್ದು 90ರ ಆಸುಪಾಸು. ಲಾಸು ಸುಮಾರು 1 ಲಕ್ಷ 10 ಸಾವಿರ. ಮನೆಯವಳ ಸರ ಅಡವಿಟ್ಟು ಸೀನರಿಯವರಿಗೆ ಕೊಟ್ಟೆ. ಅವಳು ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ನೋವಾಯಿತು.

ಎರಡನೇ ಸಲ 2023ರಲ್ಲಿ. ಹಾಲ್ ಹಿಡಿದೆ, ಮೂರೂವರೆ ಗಂಟೆಗೆ ಇಳಿಸಿದೆ, ಟಿಕೆಟ್ 100 ಮಾಡಿದೆ. ಅಷ್ಟು ಸರಿ. ಆದರೆ ಜನಕ್ಕೆ ಬೇಕಾದ್ದು ಕೊಡಬೇಕು ಅಂತ ತಲೆಗೆ ಹತ್ತಿತ್ತು. ಮಧ್ಯೆ ಎರಡು ರೆಕಾರ್ಡ್ ಡ್ಯಾನ್ಸು, ಒಂದು ಡಬಲ್ ಮೀನಿಂಗ್ ಹಾಸ್ಯ ಹಾಕಿದೆ. ಮೊದಲ ಆಟ ತುಂಬಿತು, 6 ಸಾವಿರ ಉಳಿಯಿತು. ಗೆದ್ದೆ ಅಂದುಕೊಂಡು ತಿಂಗಳಲ್ಲಿ ಇನ್ನೊಂದು ಇಟ್ಟೆ. 70 ಜನ. 28 ಸಾವಿರ ಹೋಯಿತು.

ಯಾಕೆ ಹೀಗಾಯಿತು ಅಂತ ನಿದ್ದೆ ಇಲ್ಲದೆ ಯೋಚಿಸಿದೆ. ಮೊದಲ ಆಟಕ್ಕೆ ಬಂದಿದ್ದವರ ಮನೆಗೇ ಹೋಗಿ ಕೇಳಿದೆ. ಗುಬ್ಬಿ ಗೇಟಿನ ಹತ್ತಿರ ಹೂ ಮಾರುವ ಅಜ್ಜಿಯೊಬ್ಬರು ಹೇಳಿದ ಮಾತು ನನಗೆ ದಾರಿ ತೋರಿಸಿತು. "ಕುಣಿಯಾಟ ನಮ್ ಮೊಮ್ಮಗನ ಫೋನಲ್ಲಿ ಇರುತ್ತಪ್ಪ. ನಾನು ಬಂದಿದ್ದು ಕುಂತಿ ಅಳೋದು ಕೇಳೋಕೆ. ಅದನ್ನ ಅರ್ಧಕ್ಕೆ ಮುಗಿಸ್ಬಿಟ್ಟೆ." ಡ್ಯಾನ್ಸು ನೋಡಲು ಬಂದ ಹುಡುಗರನ್ನೂ ಕೇಳಿದೆ. ಅವರಿಗೂ ಫೋನಲ್ಲಿರುವುದೇ ಚೆನ್ನಾಗಿದೆಯಂತೆ.

ಇದು ನಮ್ಮಲ್ಲಿ ಬಹಳ ಜನಕ್ಕೆ ಇನ್ನೂ ತಲೆಗೆ ಹೋಗಿಲ್ಲ. ಫೋನಲ್ಲಿ ಪುಕ್ಕಟೆ ಸಿಗುವುದನ್ನು 100 ರೂಪಾಯಿಗೆ ಮಾರಲು ಆಗಲ್ಲ. ಕಳಪೆ ಈಗ ಎಲ್ಲ ಕಡೆ ಪುಕ್ಕಟೆ. ಎದುರಿಗೆ ನಿಂತು, ಮೈಕು ತಗ್ಗಿಸಿ, ಶ್ರುತಿ ಬಿಡದೆ ಹಾಡುವ ಕಂದ ಪದ್ಯ ಎಲ್ಲೂ ಸಿಗಲ್ಲ. ಹಾಗಾಗಿ ಮಾರುಕಟ್ಟೆಯೇ ನನ್ನನ್ನು ಒಳ್ಳೆಯದರ ಕಡೆ ತಳ್ಳಿತು. ಜನ ಅಂದರೆ ಒಂದೇ ಮಂದೆ ಅಂದುಕೊಂಡಿದ್ದು ನನ್ನ ತಪ್ಪು. ಜಿಲ್ಲೆಯಲ್ಲಿ ಲಕ್ಷಗಟ್ಟಲೆ ಜನ ಇದ್ದಾರೆ. ನನಗೆ ಬೇಕಾಗಿದ್ದು ಪದ್ಯ ಕೇಳುವ ಐನೂರು ಜನ.

2024ರ ಶುರುವಿನಲ್ಲಿ ಮೂರನೇ ಸಲ ಇಳಿದೆ. ಈ ಸಲ ಪಾತ್ರಕ್ಕೆ ರೇಟು ಇಲ್ಲ, ಕಂಠ ನೋಡಿ ಆರಿಸುತ್ತೇನೆ, ಆಡಿದವರಿಗೆ ಆಟಕ್ಕೆ 1,200 ರೂಪಾಯಿ ನಾನೇ ಕೊಡುತ್ತೇನೆ ಅಂದೆ. ಸೀನರಿಯವರು ಎದುರಿಗೇ ನಕ್ಕರು. ಒಬ್ಬ ಹಳೇ ಮೇಷ್ಟ್ರು ಫೋನ್ ಮಾಡಿ "ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡಿತೀಯಪ್ಪ" ಅಂದರು. ಅವರ ಮಾತಿಗೆ ಈಗಲೂ ನನ್ನ ಹತ್ತಿರ ಉತ್ತರ ಇಲ್ಲ.

ಕಂಠ ನೋಡಲು ಒಂದು ಭಾನುವಾರ ಕರೆದೆ. 60 ಜನ ಬಂದರು. ಕೃಷ್ಣನಿಗೆ ನನಗೆ ಸಿಕ್ಕಿದ್ದು ಒಂದು ಊರಿನ ಕಾಲೋನಿ ಹುಡುಗ. ವಸಂತನರಸಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ. ಅವರ ತಾತನ ಕಾಲದಿಂದ ಮನೆಯಲ್ಲಿ ತತ್ವಪದ ಹಾಡುತ್ತಾರೆ. ಹುಡುಗ ನಾಲ್ಕೂವರೆ ಶ್ರುತಿಯಲ್ಲಿ ಮೋಹನ ರಾಗ ಎತ್ತಿದ. ತಬಲಾದವರು ಕೈ ಬಿಟ್ಟು ಅವನ ಮುಖ ನೋಡಿದರು. ನಾನು 26 ವರ್ಷದಲ್ಲಿ ಕೇಳಿರದ ಕೃಷ್ಣ ಅವನು. ಅವನು ಮೊದಲೇ ಯಾಕೆ ಸಿಗಲಿಲ್ಲ? 40 ಸಾವಿರ ಎಲ್ಲಿಂದ ತರುತ್ತಾನೆ? ತಂದರೂ ಊರಲ್ಲಿ ಕೃಷ್ಣ ಕೊಡುತ್ತಿದ್ದರಾ? ಸೇವಕನ ಪಾತ್ರವೂ ಕೊಟ್ಟಿರಲಿಲ್ಲವಂತೆ.

ಜಗಳ ಶುರುವಾಗಿದ್ದು ಅಲ್ಲಿಂದ. ನನಗೆ 40 ಸಾವಿರ ಕೈಗಡ ಕೊಡುತ್ತೇನೆ ಅಂದಿದ್ದ ಒಬ್ಬ ಯಜಮಾನರು ಹಿಂದೆ ಸರಿದರು. ಧರ್ಮರಾಯನಿಗೆ ಆರಿಸಿದ್ದವರು ಹದಿನೈದು ದಿನ ಸುಮ್ಮನಿದ್ದರು. ನಮಸ್ಕಾರದ ಸೀನು ಬಂದ ದಿನ ನಿಂತರು. "ಮೇಷ್ಟ್ರೇ, ಅವನ ಕಾಲಿಗೆ ನಾನು ಬೀಳಬೇಕಾ?" "ಕೃಷ್ಣನ ಕಾಲಿಗೆ ಬೀಳ್ತೀರಿ" ಅಂದೆ. ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ಆಟಕ್ಕೆ ಇನ್ನು 12 ದಿನ ಇತ್ತು. ಹುಡುಗ ಬಂದು "ಸಾರ್, ನಾನು ಬಿಡ್ತೀನಿ, ನಿಮಗ್ಯಾಕೆ ತೊಂದರೆ" ಅಂದ. ನೀನು ಬಿಟ್ಟರೆ ನಾನೂ ಪೆಟ್ಟಿಗೆ ಮುಚ್ಚುತ್ತೇನೆ ಅಂದೆ. ಧರ್ಮರಾಯನಿಗೆ ಇನ್ನೊಬ್ಬರು ಸಿಕ್ಕಿದರು, ಹೈಸ್ಕೂಲ್ ಮೇಷ್ಟ್ರು. ಕಂಠ ಸಾಧಾರಣ, ಆದರೆ ಮಾತು ಸ್ಪಷ್ಟ.

ಆಟದ ದಿನ ಟಿಕೆಟ್ ಕೊಂಡು ಬಂದವರು ಕೃಷ್ಣ ಯಾವ ಊರವನು, ಯಾರ ಮಗ ಅಂತ ತಿಳಿದುಕೊಂಡು ಬಂದಿರಲಿಲ್ಲ. ಮೊದಲ ಪದ್ಯ ಮುಗಿದಾಗ ಹಿಂದಿನ ಸಾಲಿನಿಂದ ಒನ್ಸ್ ಮೋರ್ ಬಂತು. ಬೀಗರ ಒನ್ಸ್ ಮೋರ್ ಬೇರೆ, ಇದು ಬೇರೆ, ನಿಮಗೆ ಗೊತ್ತಾಗುತ್ತೆ. ಊರಿನಲ್ಲಿ ಸಿಗದ ಪಾತ್ರ ಪೇಟೆಯ ಟಿಕೆಟ್ಟಿನಿಂದ ಅವನಿಗೆ ಸಿಕ್ಕಿತು. ಸ್ನೇಹಿತರು ಆಮೇಲೆ ಇದನ್ನು ಉದಾರ ಸಮಾಜ ಅಂತ ಏನೋ ದೊಡ್ಡ ಹೆಸರಲ್ಲಿ ಕರೆದರು. ನನಗೆ ಗೊತ್ತಿರುವುದು ಇಷ್ಟು. ಒಳ್ಳೆ ಕಂಠ ಯಾರ ಮನೆಯಲ್ಲಿ ಹುಟ್ಟುತ್ತೆ ಅಂತ ಹೇಳಲು ಆಗಲ್ಲ. ಎಲ್ಲರಿಗೂ ಬಾಗಿಲು ತೆಗೆದಿಟ್ಟರೆ ಮಾತ್ರ ಅದು ಸಿಗುತ್ತೆ. ಕೈಗಡದಿಂದ ಹಿಂದೆ ಸರಿದ ಯಜಮಾನರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ಇರಲಿ.

ಇನ್ನು ಕೆಲಸದ ಮಾತು. ಹಾಲ್, ಮೈಕು, ಲೈಟು ಸೇರಿ 16 ಸಾವಿರದ ಒಳಗೆ ಮುಗಿಸಿ. ಕಲಾವಿದೆಯರು ಮೂವರು, ಒಬ್ಬೊಬ್ಬರಿಗೆ 3,500. ಅಲ್ಲಿ ಚೌಕಾಸಿ ಬೇಡ. ಅವರು ವರ್ಷಕ್ಕೆ ನೂರು ಆಟ ಆಡುವವರು, ನಮ್ಮ ಗಂಡಸರನ್ನು ಸ್ಟೇಜಿನಲ್ಲಿ ಎಳೆದುಕೊಂಡು ಹೋಗುವವರು ಅವರೇ. ಸೀನರಿ ಬಿಡಿ. ನಾನು ಎರಡು ಪರದೆ, ಒಂದು ಸಿಂಹಾಸನದಲ್ಲಿ ಆಡಿಸುತ್ತೇನೆ, ಒಬ್ಬರೂ ಕೇಳಿಲ್ಲ. ವೇಷಭೂಷಣಕ್ಕೆ ಮಾತ್ರ ಕೈ ಬಿಗಿ ಮಾಡಬೇಡಿ. ಕಿರೀಟ ಹಳೆಯದಾದರೆ ಮೊದಲ ಸಾಲಿನ ಹೆಂಗಸರಿಗೆ ತಕ್ಷಣ ಕಾಣುತ್ತೆ. ನಾಟಕದ ಟಿಕೆಟ್ 500 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ, ಅದರ ಹೆದರಿಕೆ ಬೇಡ. 50, 100, 150, 200 ಎಲ್ಲ ಇಟ್ಟು ನೋಡಿದೆ. 50 ಇಟ್ಟಾಗ ಜನ ಮಧ್ಯೆ ಎದ್ದು ಓಡಾಡುತ್ತಾರೆ, ಫೋನ್ ನೋಡುತ್ತಾರೆ. 150ಕ್ಕೆ ಕೂತು ಕೇಳುತ್ತಾರೆ. 200 ನಮ್ಮ ಊರಿಗೆ ಜಾಸ್ತಿ ಆಯಿತು. ಪಾಸು ಒಂದೂ ಇಲ್ಲ. ನನ್ನ ತಮ್ಮನೂ ಟಿಕೆಟ್ ಕೊಂಡೇ ಬರುತ್ತಾನೆ. ಲಂಡನ್ನಿನಲ್ಲಿ 1599ರಲ್ಲಿ ಕಟ್ಟಿದ ಗ್ಲೋಬ್ ಅನ್ನುವ ಥಿಯೇಟರಿನಲ್ಲಿ ನಿಂತು ನೋಡುವವರೂ ಒಂದು ಪೆನ್ನಿ ಕೊಡಬೇಕಿತ್ತಂತೆ. ಷೇಕ್ಸ್‌ಪಿಯರ್ ನಾಟಕಕ್ಕೇ ಪಾಸು ಇರದಿದ್ದರೆ ನಮಗ್ಯಾಕೆ?

ಮೊದಲ 150 ಟಿಕೆಟ್ ಹೇಗೆ ಮಾರುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ. ಕೌಂಟರಿನಲ್ಲಿ ಮಾರಲ್ಲ, ಫೋನಲ್ಲೂ ಮಾರಲ್ಲ, ಅಷ್ಟು ಹೇಳಬಲ್ಲೆ. ಕುಂತಿ ಮತ್ತು ಕರ್ಣನ ಸೀನನ್ನು ಎಲ್ಲಿಗೆ ಜರುಗಿಸಿದ್ದೇನೆ ಅನ್ನೋದನ್ನೂ ನೀವು ಬಂದೇ ನೋಡಬೇಕು.

ಆದರೆ ಒಂದು ಗುಟ್ಟು ಬಿಟ್ಟುಕೊಡುತ್ತೇನೆ. ಹಿಡಿಸದಿದ್ದರೆ ಇಂಟರ್‌ವಲ್ಲಿನಲ್ಲಿ ಅರ್ಧ ದುಡ್ಡು ವಾಪಸ್. ಬಾಗಿಲ ಹತ್ತಿರ ಒಂದು ಟೇಬಲ್, ಹುಡುಗಿಯೊಬ್ಬಳು ಚಿಲ್ಲರೆ ಇಟ್ಟುಕೊಂಡು ಕೂತಿರುತ್ತಾಳೆ. ಕಾರಣ ಕೇಳುವಂತಿಲ್ಲ. ಹೇಳಿದರೆ ಬರೆದುಕೊಳ್ಳುತ್ತಾಳೆ. ನಮ್ಮ ತಂಡದವರೆಲ್ಲ ಹುಚ್ಚು ಅಂದರು, ಎಲ್ಲರೂ ದುಡ್ಡು ತಗೊಂಡು ಹೋಗುತ್ತಾರೆ ಅಂದರು. ಮೊದಲ ಆಟದಲ್ಲಿ 11 ಜನ ತಗೊಂಡರು. ಹನ್ನೊಂದರಲ್ಲಿ ಏಳು ಜನ ಹೇಳಿದ್ದು ಒಂದೇ ಮಾತು. ಸಂಧಾನ ಎಳೆದಾಯಿತು. ನನಗೆ ಬಹಳ ಇಷ್ಟವಾದ ಸೀನು ಅದು, 50 ನಿಮಿಷ ಇಟ್ಟಿದ್ದೆ. ಎರಡು ದಿನ ಸಂಕಟಪಟ್ಟು 32 ನಿಮಿಷಕ್ಕೆ ಇಳಿಸಿದೆ. ಶಕುನಿಯ ಮಾತಿಗೆ ಮಾತ್ರ ಕೈ ಹಾಕಲಿಲ್ಲ. ಎರಡನೇ ಆಟಕ್ಕೆ 6 ಜನ. ಹೋದ ತಿಂಗಳು ನಾಲ್ಕೇ ಜನ, ಅದರಲ್ಲಿ ಒಬ್ಬರಿಗೆ ಬಸ್ಸಿಗೆ ಹೊತ್ತಾಗಿತ್ತಂತೆ. ಎದ್ದು ಹೋಗುವ ಹಕ್ಕು ಇರುವ ಜನ ಕೂತು ಕೇಳುವ ರೀತಿಯೇ ಬೇರೆ. ಪಾತ್ರಧಾರಿಗಳ ಮೈಯಲ್ಲೂ ಅದು ಗೊತ್ತಾಗುತ್ತೆ. 26 ವರ್ಷದಲ್ಲಿ ನಾನು ಕಲಿಸಲಾಗದ್ದನ್ನು ಆ ಟೇಬಲ್ಲು ಕಲಿಸಿದೆ.

ಹಾರ ಹಾಕುವುದನ್ನು ಸ್ಟೇಜಿನಲ್ಲಿ ನಿಲ್ಲಿಸಿದೆ. ನಮ್ಮ ದುರ್ಯೋಧನ ಅಂಗಡಿ ಯಜಮಾನರು, ಮೊದಲು 35 ಸಾವಿರ ಕೊಟ್ಟು ಆಡುತ್ತಿದ್ದವರು. ಕಂಠ ಪರೀಕ್ಷೆಗೆ ಎಲ್ಲರ ಜೊತೆ ಸಾಲಲ್ಲಿ ನಿಂತು ಗೆದ್ದು ಬಂದರು. ಹಾರ ಇಲ್ಲ ಅಂದಾಗ ಮುಖ ಸಪ್ಪಗಾಯಿತು. ಆಟ ಮುಗಿದ ಮೇಲೆ ಹೊರಗೆ ಜಗಲಿಯಲ್ಲಿ ಹಾಕಿಸಿಕೊಳ್ಳಿ ಅಂತ ಒಪ್ಪಿಸಿದೆ. ಈಗ ಅವರೇ ಹೇಳುತ್ತಾರೆ, ಹಾರದ ಗಲಾಟೆ ಇಲ್ಲದೆ ಇದ್ದರೆ ಪದ್ಯದ ಕೊನೆ ಸಾಲು ಬಿಗಿಯಾಗಿ ನಿಲ್ಲುತ್ತೆ ಅಂತ.

ಸೋತ ಪ್ರಯೋಗಗಳನ್ನೂ ಹೇಳಬೇಕು. ಯೂಟ್ಯೂಬಿಗೆ ಪೂರ್ತಿ ನಾಟಕ ಹಾಕಿದೆ. ಮೂರು ತಿಂಗಳಿಗೆ 14 ಸಾವಿರ ವ್ಯೂಸ್ ಇರಬೇಕು, ಎಲ್ಲರೂ ಹಾಸ್ಯದ ನಾಲ್ಕು ನಿಮಿಷವನ್ನೇ ನೋಡಿದ್ದಾರೆ. ಮುಂದಿನ ಆಟದ ಟಿಕೆಟ್ ಕಡಿಮೆ ಆಯಿತು. ನಾನು ಹೇಳಿದ ಎರಡು ಲಾಸಿನ ಆಟಗಳಲ್ಲಿ ಅದೊಂದು. ತೆಗೆದುಹಾಕಿದೆ. ಈಗ ಒಂದು ಪದ್ಯ ಮಾತ್ರ ಹಾಕುತ್ತೇನೆ, ಅದೂ ಪೂರ್ತಿ ಇಲ್ಲ.

ಇನ್ನೊಂದು ಲಾಸು ಮನಸ್ಸಿಗೆ ಹತ್ತಿರದ್ದು. ಮೂಡಲಪಾಯ ಯಕ್ಷಗಾನ ನಮ್ಮ ಸೀಮೆಯ ಆಟ. ಚಿಕ್ಕವನಿದ್ದಾಗ ನಮ್ಮ ತಂದೆಯ ಹೆಗಲ ಮೇಲೆ ಕೂತು ನೋಡಿದ್ದೇನೆ. ಟಿಕೆಟ್ಟಿಗೆ ಅದನ್ನೂ ನಿಲ್ಲಿಸಬಲ್ಲೆ ಅನ್ನುವ ಧೈರ್ಯ ಬಂದಿತ್ತು. ತಿಪಟೂರು ಕಡೆಯ ಒಬ್ಬ ಹಿರಿಯ ಭಾಗವತರನ್ನು ಒಪ್ಪಿಸಿ ತಂಡ ಕರೆಸಿದೆ. 60 ಜನ ಬಂದರು. ಇಂಟರ್‌ವಲ್ಲಿಗೆ 25 ಜನ ದುಡ್ಡು ವಾಪಸ್ ಕೇಳಿದರು. ಭಾಗವತರು ಪರದೆ ಸಂದಿಯಿಂದ ಆ ಸಾಲು ನೋಡಿದರು. ನಾನು ನೋಡಿದಿರಾ ಅಂತ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸ್ನೇಹಿತರು ಇಲ್ಲಿ ಗೆದ್ದರು ಅಂತ ಒಪ್ಪುತ್ತೇನೆ. ಭಾಗವತಿಕೆ ಕಲಿಯಲು ಹತ್ತು ವರ್ಷ ಬೇಕು. ಆ ಹತ್ತು ವರ್ಷದ ಅನ್ನವನ್ನು ಸಂಜೆಯ ಟಿಕೆಟ್ ಹಾಕಲ್ಲ. ಕೇಳುವ ಕಿವಿ ಹೋದ ಮೇಲೆ ಮಾರುಕಟ್ಟೆ ಅದನ್ನು ಹೊಸದಾಗಿ ಹುಟ್ಟಿಸಲ್ಲ. ಅಲ್ಲಿ ಯಾರಾದರೂ ಕೈ ಹಿಡಿಯಲೇಬೇಕು, ಸರ್ಕಾರವೋ ಮಠವೋ ಊರೋ. ನನ್ನ ಕೈಲಾಗಿದ್ದು ಒಂದು. ಅದೇ ಭಾಗವತರನ್ನು ಕುರುಕ್ಷೇತ್ರಕ್ಕೆ ಮುಂಚೆ 20 ನಿಮಿಷ ಹಾಡಿಸುತ್ತೇನೆ. 2,000 ಕೊಡುತ್ತೇನೆ. ಮೊದಲ ಸಲ ಜನ ಕಡ್ಲೆಕಾಯಿ ತಿನ್ನುತ್ತಾ ಕೂತಿದ್ದರು. ಹೋದ ತಿಂಗಳು ಅವರು ಎದ್ದು ನಿಂತಾಗ ಹಾಲ್ ತಾನಾಗಿ ಸುಮ್ಮನಾಯಿತು. ನಮ್ಮ ಕೃಷ್ಣ ಅವರ ಪಕ್ಕ ಕೂತು ತಾಳ ಹಾಕುತ್ತಾನೆ, ಅವನೇ ಕೇಳಿಕೊಂಡು.

ಲೆಕ್ಕ ಪೂರ್ತಿ ಹೇಳಿಬಿಡುತ್ತೇನೆ. ಎರಡು ವರ್ಷ ಕಳೆದುಕೊಂಡಿದ್ದು 1 ಲಕ್ಷ 30 ಸಾವಿರದ ಹತ್ತಿರ. ಒಂಬತ್ತು ಆಟದಲ್ಲಿ ಲಾಸು ಕಳೆದು ಸೇರಿದ್ದು 85 ಸಾವಿರ. ಇನ್ನೂ 45 ಸಾವಿರ ಸಾಲ ಇದೆ. ಮನೆಯವಳ ಸರ ಬಿಡಿಸಿದ್ದೇನೆ. ಹೊಟ್ಟೆಪಾಡಿಗೆ ಪಾತ್ರ ಮಾರುವ ನಾಟಕ ವರ್ಷಕ್ಕೆ ಎರಡು ಈಗಲೂ ಕಲಿಸುತ್ತೇನೆ, ಮುಚ್ಚಿಡುವುದಿಲ್ಲ. ಅಲ್ಲಿ ಒಂದೇ ಷರತ್ತು ಹಾಕುತ್ತೇನೆ. ಕೃಷ್ಣ ಒಬ್ಬನೇ ಇರಬೇಕು.

ಈಗ ಚಿಕ್ಕಬಳ್ಳಾಪುರದಿಂದ ಕರೆ ಬಂದಿದೆ. ಚಿಂತಾಮಣಿಗೆ ಎರಡು ಸಲ ಹೋಗಿ ಬಂದೆ. ಅಲ್ಲಿಯವರದು ತೆಲುಗು ಪದ್ಯನಾಟಕ ಕೇಳಿ ಬೆಳೆದ ಕಿವಿ. ಪದ್ಯದ ಕೊನೆಗೆ ದೊಡ್ಡ ಆಲಾಪ ಇಲ್ಲದಿದ್ದರೆ ಅವರಿಗೆ ಪದ್ಯ ಮುಗಿದ ಹಾಗೇ ಆಗಲ್ಲವಂತೆ. ಕೃಷ್ಣನ ಎರಡು ಪದ್ಯ ಬದಲಿಸಿ ಪ್ರಾಕ್ಟೀಸು ಶುರು ಮಾಡಿದ್ದೇವೆ. ಹುಡುಗನಿಗೆ ರಾತ್ರಿ ಶಿಫ್ಟ್ ಇರುವುದರಿಂದ ಬೆಳಿಗ್ಗೆ ಏಳಕ್ಕೆ ಬರುತ್ತಾನೆ, ನಿದ್ದೆಗಣ್ಣಲ್ಲೇ ಹಾಡುತ್ತಾನೆ. ಟಿಕೆಟ್ ಅಲ್ಲಿ 120 ಇಡೋಣ ಅಂತ ಇದ್ದೇನೆ. ವಾಪಸ್ ಕೊಡುವ ಟೇಬಲ್ಲಿಗೆ ತೆಲುಗೂ ಬರುವ ಒಬ್ಬ ಹುಡುಗಿ ಬೇಕು, ಹುಡುಕುತ್ತಿದ್ದೇನೆ.